ದುಂಡು ತೂತಿನ ಸುದ್ದಿ

ನನ್ನ ಸಂಶೋಧನಾ ಲೇಖನ ಅಚ್ಚಾಗಿ ಬಂದ ವಾರ ಅದರ ಒಂದು ಪ್ರತಿ ಹಿಡಿದುಕೊಂಡು ಚಿಕ್ಕಪ್ಪನ ತೆಂಗಿನ ತೋಟಕ್ಕೆ ಹೋದೆ. ಹಾಸನದಲ್ಲಿ ಬೆಳೆಗಳಿಗೆ ಬರುವ ಕೀಟಗಳನ್ನು ಕುರಿತು ಸಂಶೋಧನೆ ಮಾಡುವುದು ನನ್ನ ಕೆಲಸ. ಚಿಕ್ಕಪ್ಪನ ತೋಟ ಇರುವುದು ಚನ್ನರಾಯಪಟ್ಟಣದ ಆಚೆ. ತೆಂಗಿಗೆ ಬಿಳಿನೊಣದ ಕಾಟ ಶುರುವಾದಾಗಿನಿಂದ ಆ ತೋಟದ ಮರಗಳಿಗೆ ಬಣ್ಣದ ಪಟ್ಟಿ ಕಟ್ಟಿ, ಮಳೆ ಬಿಸಿಲೆನ್ನದೆ ಗರಿ ಇಳಿಸಿ ನೋಡಿಕೊಂಡು ಬಂದಿದ್ದೆ. ಚಿಕ್ಕಪ್ಪ ಒಂದು ದಿನವೂ ಬೇಸರಪಟ್ಟುಕೊಂಡವರಲ್ಲ. ಗರಿ ಇಳಿಸಲು ಆಳು ಸಿಗದ ದಿನ ತಾವೇ ದೋಟಿ ಹಿಡಿದು ನಿಲ್ಲುತ್ತಿದ್ದರು. ಮೊದಲ ಪ್ರತಿ ಅವರ ಕೈಗೇ ಕೊಡಬೇಕು ಅಂತ ನನಗೆ ಆಸೆ.

ಅವರು ಕೈಕಾಲು ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು ಬಂದು, ನುಣ್ಣನೆಯ ಹಾಳೆಗಳನ್ನು ಸವರಿ ನೋಡಿದರು.

"ಒಳ್ಳೆ ಲಗ್ನಪತ್ರಿಕೆ ಇದ್ದಂಗೈತಲ್ಲವ್ವಾ! ಏನೇನ್ ಬರ್ದಿದ್ದೀಯ, ಓದು ಕೇಳಾನ."

ಓದಲು ಬಾಯಿ ತೆರೆದೆ. ಇಂಗ್ಲಿಷಿನಲ್ಲಿದ್ದ ಮೊದಲ ವಾಕ್ಯವೇ ಅರ್ಧ ಪುಟದಷ್ಟು ಉದ್ದ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವಷ್ಟರಲ್ಲಿ ಬೇಲಿಯಾಚೆಯಿಂದ ಮೋಟರಿನ ಸದ್ದು ಬಂತು. ಔಷಧಿ ಹೊಡೆಯುವ ಯಂತ್ರದ್ದು.

"ಪಕ್ಕದ ತ್ವಾಟ," ಅಂದರು ಚಿಕ್ಕಪ್ಪ. "ಬಿಳಿನೊಣಕ್ಕೆ ಅಂತ ಒಡುಸ್ತಾವ್ನೆ."

"ನೀವು ಹೇಳಲಿಲ್ವಾ ಚಿಕ್ಕಪ್ಪ, ಹೊಡೆಸಬೇಡ ಅಂತ?"

"ಯೋಳ್ದೆ ಕಣವ್ವಾ. 'ನಿನ್ ಮಗ್ಳು ಯೋಳ್ಬುಟ್ರೆ ಆಯ್ತಾ, ಎಲ್ ಬರ್ದವ್ರೆ ತೋರ್ಸು' ಅಂದ. ಈಗ ತಂದಿದ್ದೀಯಲ್ಲಾ, ತಕಂಡೋಗಿ ತೋರ್ಸ್ಲಾ?"

ನಾನು ಕೈಯಲ್ಲಿದ್ದ ಹಾಳೆಗಳನ್ನು ನೋಡಿದೆ. ಪಕ್ಕದ ತೋಟದವರು ನನ್ನ ಪರಿಚಯದವರೇ. ಚೆನ್ನಾಗಿ ಓದಿಕೊಂಡವರು, ದಿನಾ ಪತ್ರಿಕೆ ತರಿಸುವವರು. ಆದರೂ ಆ ಹಾಳೆಗಳನ್ನು ಹಿಡಿದುಕೊಂಡು ಹೋಗಿ ಅವರ ಮುಂದೆ ನಿಲ್ಲುವುದರಲ್ಲಿ ಅರ್ಥವಿರಲಿಲ್ಲ. ವರ್ಷಗಟ್ಟಲೆ ಒಂದು ಬೇಲಿಯ ಈಚೆ ಕೂತು ಕಂಡುಕೊಂಡ ವಿಷಯ ಅದೇ ಬೇಲಿ ದಾಟಿ ಆಚೆಗೆ ಹೋಗಿರಲಿಲ್ಲ. ಹಾಳೆಗಳನ್ನು ಮಡಿಸಿ ಚಿಕ್ಕಪ್ಪನ ಕೈಗೆ ಕೊಟ್ಟು, "ಇದು ನಿಮ್ಮ ಹತ್ರ ಇರಲಿ. ಅವರಿಗೆ ತೋರಿಸೋಕೆ ಬೇರೆ ಏನಾದ್ರೂ ತರ್ತೀನಿ," ಅಂದೆ. ತರುತ್ತೇನೆ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೇಗೆ ಅನ್ನುವುದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಹೇಳಬೇಕಾದ ವಿಷಯವೇನೋ ಸರಳವಾಗಿಯೇ ಇತ್ತು. ಬಿಳಿನೊಣ ತೆಂಗಿನ ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಸಿಹಿಯಾದ ಅಂಟು ಸುರಿಸುತ್ತದೆ. ಅಂಟು ಬಿದ್ದಲ್ಲೆಲ್ಲ ಕಪ್ಪು ಬೂಷ್ಟು ಬೆಳೆದು ಮರ, ಮರದ ಕೆಳಗಿನ ಬಾಳೆ, ಬಾಳೆಯ ಕೆಳಗಿನ ಕಳೆ ಎಲ್ಲವೂ ಹೊಗೆಗೂಡಿನಂತೆ ಕಾಣುತ್ತವೆ. ಕಂಡವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಮರ ಅಷ್ಟಕ್ಕೇ ಸಾಯುವುದಿಲ್ಲ. ಬಿಳಿನೊಣದ ಬೆನ್ನಿಗೇ ಒಂದು ಕಣಜದ ಹುಳ ಬರುತ್ತದೆ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು. ಬರಿಗಣ್ಣಿಗೆ ಒಂದು ಚುಕ್ಕೆ, ಅಷ್ಟೆ. ಅದು ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ. ಆ ಮರಿ ಕಪ್ಪಗಾಗುತ್ತದೆ. ಒಳಗೆ ಬೆಳೆದ ಹುಳ ಅದರ ಬೆನ್ನಿಗೆ ದುಂಡಗೆ ತೂತು ಕೊರೆದು ಹೊರಗೆ ಬರುತ್ತದೆ. ಹುಳ ಸೇರದೆ ಬಿಳಿನೊಣವೇ ಹೊರಬಂದಿದ್ದರೆ ಬೆನ್ನು ಸೀಳಿರುತ್ತದೆ, ತೂತು ದುಂಡಗಿರುವುದಿಲ್ಲ. ಔಷಧಿ ಹೊಡೆದರೆ ಮೊದಲು ಸಾಯುವುದು ಈ ಹುಳ. ಎಲೆಯ ಅಡಿಯಲ್ಲಿ ಮೇಣದ ಹೊದಿಕೆಯೊಳಗೆ ಅಡಗಿರುವ ಬಿಳಿನೊಣ ಸ್ವಲ್ಪ ದಿನಕ್ಕೇ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ಮೊದಲು ಕಂಡವಳು ನಾನೇನಲ್ಲ, ಬೇರೆ ಕಡೆಯವರೂ ಕಂಡಿದ್ದರು. ನಮ್ಮ ಸೀಮೆಯ ತೋಟಗಳಲ್ಲಿ, ನಮ್ಮ ಮಳೆ ಬಿಸಿಲಿನಲ್ಲಿ ಅದು ಹೇಗೆ ನಡೆಯುತ್ತದೆ ಎಂದು ನೋಡಿ ಖಚಿತಪಡಿಸಿಕೊಂಡದ್ದು ನನ್ನ ಪಾಲಿನ ಕೆಲಸ.

ತೋಟದಿಂದ ಬಂದ ಮೇಲೆ ಆಫೀಸಿನ ಗೋಡೆಯ ಮುಂದೆ ನಿಂತು ಒಂದು ವಿಡಿಯೊ ಮಾಡಿದೆ. ಇಸ್ತ್ರಿ ಮಾಡಿದ ಸೀರೆ, ಹಿಂದೆ ನಕ್ಷೆ, ಮುಂದೆ ಮೇಜು. ಅದನ್ನು ನೋಡಿದವರು ನನ್ನ ಸಹೋದ್ಯೋಗಿಗಳು ಮತ್ತು ನನ್ನ ಗಂಡ. ಗಂಡ ಪೂರ್ತಿ ನೋಡಿದ್ದು ಅನುಮಾನ.

ಪೂರ್ತಿ ನೋಡಿದವರು ನನ್ನ ಅತ್ತೆ. ನಮ್ಮ ಮನೆ ಹೊಳೆನರಸೀಪುರದಲ್ಲಿ; ದಿನಾ ಹಾಸನಕ್ಕೆ ಹೋಗಿ ಬರುತ್ತೇನೆ. ಅತ್ತೆ ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಒಂದನೇ ತರಗತಿಗೆ ಅಕ್ಷರ ಕಲಿಸುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡದೆ ಕೊನೆಯವರೆಗೂ ತಾವೇ ಇಟ್ಟುಕೊಂಡಿದ್ದವರು. ಸಂಜೆ ನಾನು ಬ್ಯಾಗು ಇಳಿಸುವ ಹೊತ್ತಿಗೆ ಅವರು ಹುರುಳಿಕಾಯಿ ಸೋಸುತ್ತಾ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ನನ್ನ ವಿಡಿಯೊ ನೋಡುತ್ತಿದ್ದರು.

"ಅಲ್ಲಮ್ಮಾ," ಅಂದರು, "ಇದನ್ನ ಯಾರಿಗೆ ಹೇಳ್ತಾ ಇದ್ದೀಯ?"

"ರೈತರಿಗೆ, ಅತ್ತೆ."

"ಹಂಗಾದ್ರೆ ಅವರು ಕೂತ್ಕೊಳ್ಳೋ ಮೊದಲೇ ಎದ್ದು ಹೋಗಿರ್ತಾರೆ. ನಮಸ್ಕಾರ, ಬಿಳಿನೊಣ ಎಲ್ಲಿಂದ ಬಂತು, ಯಾವ ದೇಶದ್ದು, ಅದರ ಕುಲಗೋತ್ರ... ಅವರಿಗೆ ಅದು ಯಾಕೆ? ಬೆಳಗ್ಗೆ ಎದ್ದು ತೋಟಕ್ಕೆ ಹೋದ್ರೆ ಏನು ಮಾಡ್ಬೇಕು, ಅದನ್ನ ಮೊದಲು ಹೇಳು. ಉಳಿದಿದ್ದು ಬೇಕಾದವರು ಕೇಳ್ತಾರೆ."

"ವಿಷಯ ಪೂರ್ತಿ ಹೇಳಬೇಕಲ್ವಾ ಅತ್ತೆ? ಅರ್ಧಂಬರ್ಧ ಹೇಳಿದ್ರೆ ತಪ್ಪು ತಿಳ್ಕೊಳ್ತಾರೆ."

"ಪೂರ್ತೀನೇ ಹೇಳು. ಒಂದೇ ದಿನ ಹೇಳ್ಬೇಡ. ನಾನು ಮೊದಲನೇ ದಿನವೇ ಒತ್ತಕ್ಷರ ಹೇಳಿಕೊಟ್ಟಿದ್ರೆ ಈ ಊರಲ್ಲಿ ಯಾರು ಓದು ಕಲೀತಿದ್ರು?"

ಮುಂದಿನ ದಿನಗಳಲ್ಲಿ ನಮ್ಮ ಊಟದ ಮೇಜು ಪಾಠಶಾಲೆಯಾಯಿತು. ನಾನು ಬರೆದದ್ದನ್ನು ಅತ್ತೆ ಕೇಳುತ್ತಿದ್ದರು, ಕೈ ಎತ್ತಿ ತಡೆಯುತ್ತಿದ್ದರು. 'ಪರತಂತ್ರ ಜೀವಿ' ಅಂದಾಗ ಕೈ ಎತ್ತಿದರು. 'ನಿಯಂತ್ರಣ' ಅಂದಾಗ ಎತ್ತಿದರು. 'ಮಿತ್ರಕೀಟ' ಅಂದಾಗ ಸ್ವಲ್ಪ ಯೋಚಿಸಿ, "ಇರಲಿ, ಇದು ಚೆನ್ನಾಗಿದೆ," ಅಂದರು. ಕೆಲವು ಕಡೆ ನಾನೂ ಬಗ್ಗಲಿಲ್ಲ. "ಹುಳ ಬಂದ್ರೆ ರೋಗ ಹೋಯ್ತು ಅಂತ ಹೇಳು" ಅಂದಾಗ, "ಹೋಗಲ್ಲ ಅತ್ತೆ, ಕಡಿಮೆಯಾಗುತ್ತೆ. ಅದೂ ತಕ್ಷಣ ಅಲ್ಲ. ಅಷ್ಟನ್ನೇ ಹೇಳ್ತೀನಿ," ಅಂದೆ. ಅವರು ಒಪ್ಪಿದರು. ಸುಳ್ಳು ಸೇರದ ಹಾಗೆ ಸುಲಭ ಮಾಡುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ನನಗೆ ಆ ಮೇಜಿನ ಮುಂದೆ ತಿಳಿಯಿತು. ಇಡೀ ಲೇಖನ ಬರೆಯುವಾಗಲೂ ನಾನು ಒಂದೊಂದು ಮಾತಿಗೆ ಅಷ್ಟು ತಿಣುಕಾಡಿರಲಿಲ್ಲ.

ಕೊನೆಗೆ ಚಿಕ್ಕಪ್ಪನ ತೋಟಕ್ಕೇ ಹೋಗಿ, ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸುವ ಪುಟ್ಟ ಭೂತಗನ್ನಡಿ ಹಾಕಿ ವಿಡಿಯೊ ಮಾಡಿದೆವು. "ಎಲೆ ತಿರುಗಿಸಿ ನೋಡಿ. ಕಪ್ಪು ಕಂಡರೆ ಹೆದರಬೇಡಿ. ದುಂಡು ತೂತು ಕಂಡರೆ ಔಷಧಿ ಬೇಡ." ಇವು ಮೊದಲ ಮಾತುಗಳು. ಆಮೇಲೆ ತೂತಿನ ಚಿತ್ರ, ಪಕ್ಕದಲ್ಲೇ ಸೀಳಿದ ಬೆನ್ನಿನ ಚಿತ್ರ. ಕಣಜದ ಹುಳ ಹೊರಗೆ ಬಂದು ಮೀಸೆ ಒರೆಸಿಕೊಳ್ಳುವುದು ಅದೃಷ್ಟಕ್ಕೆ ಕ್ಯಾಮೆರಾಕ್ಕೆ ಸಿಕ್ಕಿತು. ಒಂದು ಚಾನೆಲ್ ತೆರೆದು ಅದರಲ್ಲಿ ಹಾಕಿದೆ. ಕೆಳಗೆ ಇಂಗ್ಲಿಷ್ ಲೇಖನವನ್ನೂ, ಕನ್ನಡದಲ್ಲಿ ಬರೆದ ಅದರ ಸಾರವನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಟ್ಟೆ. ಜೊತೆಗೆ ಫೋನಿನಲ್ಲಿ ಒಂದು ಗ್ರೂಪು, ಆನ್‌ಲೈನಿನಲ್ಲಿ ಒಂದು ನಕ್ಷೆ. ತಮ್ಮ ತೋಟದಲ್ಲಿ ದುಂಡು ತೂತು ಕಂಡವರು ಫೋಟೊ ಕಳಿಸಿದರೆ, ನಾನು ನೋಡಿ ಖಾತ್ರಿಯಾದ ಮೇಲೆ ಅಲ್ಲೊಂದು ಹಸಿರು ಚುಕ್ಕೆ.

ಮೊದಲ ಚುಕ್ಕೆ ಚಿಕ್ಕಪ್ಪನದು. ಎರಡನೆಯದು ಪಕ್ಕದ ತೋಟದವರ ಮಾತು ಕೇಳಿದ ಅವರ ಬೀಗರದು. ಚಿಕ್ಕಪ್ಪ ತೋರಿಸಿದ ವಿಡಿಯೊ ನೋಡಿ ಒಪ್ಪಿದ ಪಕ್ಕದ ತೋಟದವರೇ ಅದನ್ನು ನೆಂಟರಿಗೆಲ್ಲ ಕಳಿಸಿದ್ದರು. ಅವರ ಮರಗಳಲ್ಲಿ ಹುಳ ಸತ್ತುಹೋಗಿದ್ದರಿಂದ ಅವರ ಚುಕ್ಕೆ ಮಾತ್ರ ತಡವಾಗಿ ಬಂತು. ಆಮೇಲೆ ಸಾಲಗಾಮೆಯ ಕಡೆಯಿಂದ, ಮೊಸಳೆ ಅನ್ನುವ ಊರಿನಿಂದ, ಅರಕಲಗೂಡಿನ ಸುತ್ತಮುತ್ತಲಿಂದ ಫೋಟೊಗಳು ಬರತೊಡಗಿದವು. ಗ್ರೂಪಿನಲ್ಲಿ ಬಂದದ್ದೆಲ್ಲ ಎಲೆಯೇ ಅಲ್ಲ. ಈಗತಾನೇ ಹುಟ್ಟಿದ ಕರು ಬಂತು, ಹಬ್ಬದ ಶುಭಾಶಯ ಬಂತು, ಮಂಜು ಕವಿದ ಒಂದು ಹೆಬ್ಬೆರಳು ಹಲವು ಸಲ ಬಂತು. ನಾನು ರೈಲಿನಲ್ಲಿ ಹಾಸನಕ್ಕೆ ಹೋಗುತ್ತಾ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದೆ. ಅಕ್ಷರ ಓದಲಾರದವರಿಗೆ ದನಿಯಲ್ಲಿ ಹೇಳಿ ಕಳಿಸುತ್ತಿದ್ದೆ. ಪಕ್ಕದ ಸೀಟಿನವರು ಕಿವಿಗೊಟ್ಟು ಕೇಳಿ, "ನಮ್ ತ್ವಾಟದಾಗೂ ಐತೆ ಮೇಡಂ" ಅನ್ನುತ್ತಿದ್ದರು.

ಹೀಗೆ ಎಲ್ಲ ಸರಾಗವಾಗಿ ಸಾಗುತ್ತಿದ್ದಾಗ ಒಂದು ಮಧ್ಯಾಹ್ನ ಕೊಣನೂರು ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು.

"ಮೇಡಮ್ಮೋರೇ, ನೀವ್ ಯೋಳ್ದಂಗೇ ಔಸ್ದಿ ತಂದಿಟ್ಕಂಡಿವ್ನಿ. ಡ್ರಮ್ಗೆ ಎಷ್ಟು ಆಕ್ಬೇಕು, ಅದೊಂದ್ ಯೋಳ್ಬುಡಿ."

"ಯಾವ ಔಷಧಿ ಅಕ್ಕಾ? ನಾನು ಹೊಡೀಬೇಡಿ ಅಂತ ಹೇಳಿರೋದು!"

"ಇಲ್ಲ ಕಣಿ. ನಿಮ್ ಮಕ್ವೇ ಐತೆ, ನಿಮ್ ದನೀನೇ ಐತೆ. 'ಎಲೆ ತಿರುಗ್ಸಿ ನೋಡಿ, ಕಪ್ಪು ಕಂಡ್ರೆ' ಅಂತೀರಿ. ಅದಾದ್ಮೇಲೆ ಒಬ್ರು ಔಸ್ದಿ ಎಸ್ರು ಯೋಳ್ತಾರೆ. ಕಳುಸ್ಲಾ?"

ಕಳಿಸಿದರು. ನನ್ನ ವಿಡಿಯೊವನ್ನು 'ಕಪ್ಪು ಕಂಡರೆ' ಅನ್ನುವಲ್ಲಿಗೆ ಕತ್ತರಿಸಿ, ಅದರ ಬಾಲಕ್ಕೆ ಬೇರೆ ಯಾರದೋ ದನಿ ಅಂಟಿಸಿದ್ದರು. ಆ ದನಿ, ತಡಮಾಡದೆ ಇಂಥ ಔಷಧಿ ಸಿಂಪಡಿಸಿ ಅನ್ನುತ್ತಿತ್ತು. ನನ್ನ ಮುಖ, ನನ್ನ ಚಿಕ್ಕಪ್ಪನ ತೋಟ, ನನ್ನ ಬೆರಳು. ನೋಡುತ್ತಾ ನೋಡುತ್ತಾ ಕಿವಿ ಬಿಸಿಯಾಯಿತು. ಯಾರು ಮಾಡಿದರೋ ಇವತ್ತಿಗೂ ತಿಳಿದಿಲ್ಲ.

"ಅಕ್ಕಾ, ಡಬ್ಬದ ಮುಚ್ಚಳ ತೆಗೀಬೇಡಿ," ಅಂದೆ. "ನಾಳೆ ನಾನೇ ನಿಮ್ಮ ತೋಟಕ್ಕೆ ಬರ್ತೀನಿ."

ಫೋನ್ ಇಡುವಷ್ಟರಲ್ಲಿ ನಮ್ಮ ಹಿರಿಯ ಅಧಿಕಾರಿಗಳು ಕರೆಸಿದರು. ಅವರಿಗೂ ಅದು ತಲುಪಿತ್ತು. ಅವರು ಒಳ್ಳೆಯ ವಿಜ್ಞಾನಿ. ಕೂಗಾಡುವವರಲ್ಲ, ಆದರೆ ಆ ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಇದಕ್ಕೇ ಹೇಳೋದು ಮೇಡಂ, ನಮ್ಮ ಕೆಲಸ ಜರ್ನಲ್‌ನಲ್ಲಿ ಇದ್ದರೆ ಕ್ಷೇಮ ಅಂತ. ಅಲ್ಲಿ ಯಾರೂ ಬಾಲ ಕತ್ತರಿಸಲ್ಲ. ಆ ಚಾನೆಲ್ಲು, ಗ್ರೂಪು, ನಕ್ಷೆ ಎಲ್ಲಾ ತೆಗೆದುಬಿಡಿ."

"ಸಾರ್, ನಾನು ನನ್ನದನ್ನ ತೆಗೀಬಹುದು. ಆ ಕತ್ತರಿಸಿದ್ದನ್ನ ತೆಗೆಯೋಕೆ ನಮ್ಮ ಕೈಲಾಗಲ್ಲ. ಆಗ ಉಳಿಯೋದು ಅದೊಂದೇ."

ಅವರು ಕನ್ನಡಕವನ್ನು ಕೈಗೆತ್ತಿಕೊಂಡು ಗಾಜು ಒರೆಸತೊಡಗಿದರು.

"ನಾಳೆ ಕೊಣನೂರಿಗೆ ಹೋಗಿ ಆ ತೋಟದಿಂದಲೇ ಲೈವ್ ಮಾಡ್ತೀನಿ ಸಾರ್. ಲೈವ್ ಆದ್ರೆ ಜನ ಆಗಿಂದಾಗ್ಲೇ ಪ್ರಶ್ನೆ ಕೇಳ್ತಾರೆ, ನಾನು ಆಗಿಂದಾಗ್ಲೇ ಹೇಳ್ತೀನಿ. ನೀವೂ ನೋಡಿ. ತಪ್ಪು ಹೇಳಿದ್ರೆ ಅಲ್ಲೇ ಬರೀರಿ."

"ಎಲ್ಲರ ಮುಂದೆ?"

"ಎಲ್ಲರ ಮುಂದೇನೇ ಸಾರ್."

ಅವರು ಕನ್ನಡಕ ಹಾಕಿಕೊಂಡರು. ಬೇಡ ಅನ್ನಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮಾರನೆಯ ಬೆಳಗ್ಗೆ ಅತ್ತೆ ನನಗಿಂತ ಮೊದಲೇ ಸಿದ್ಧರಾಗಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನೀನು ಎಲೆ ಹಿಡಿದ್ರೆ ಫೋನ್ ಹಿಡಿಯೋರು ಯಾರು?" ಅಂದರು. ಅರಕಲಗೂಡಿನ ಮೇಲೆ ಕೊಣನೂರಿಗೆ ಹೋದೆವು. ಸಂತೆಯ ದಿನ. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಆ ಹೆಂಗಸು ನನ್ನ ಮುಖವನ್ನು ಒಮ್ಮೆ, ಫೋನನ್ನು ಒಮ್ಮೆ ನೋಡಿ, "ನೀವೇಯಾ!" ಅಂದರು. ಅವರ ಜೊತೆ ಔಷಧಿ ಅಂಗಡಿಯವರೂ ಬಂದಿದ್ದರು. ಕತ್ತರಿಸಿದ ವಿಡಿಯೊ ಅವರ ಅಂಗಡಿಯ ಗ್ರೂಪಿನಿಂದಲೇ ಅಕ್ಕನಿಗೆ ತಲುಪಿದ್ದು.

"ನಾನ್ ಮಾಡಿದ್ದಲ್ಲ ಮೇಡಂ," ಅಂದರು ಅವರು, ನಾನು ಕೇಳುವ ಮೊದಲೇ. "ನಂಗ್ ಬಂತು, ನಾನ್ ಕಳುಸ್ದೆ. ನೀವು ಆಫೀಸ್ನೋರು ಅಂತ ನಂಬ್ದೆ. ಆದ್ರೆ ಒಂದ್ ಮಾತು. ಔಸ್ದಿ ಬ್ಯಾಡ ಅಂತ ನೀವು ಯೋಳ್ಬುಟ್ಟು ಆಸನಕ್ಕೆ ಒಂಟೋಗ್ತೀರ. ಮರಕ್ಕೆ ಎಚ್ಚುಕಮ್ಮಿ ಆದ್ರೆ ಜನ ಬಂದು ನಿಲ್ಲೋದು ನನ್ ಅಂಗ್ಡಿ ಮುಂದೆ."

"ಅದು ನಿಜ," ಅಂದೆ. "ಅದಕ್ಕೇ ನೀವೂ ತೋಟಕ್ಕೆ ಬನ್ನಿ. ಏನಿದೆಯೋ ಒಟ್ಟಿಗೇ ನೋಡೋಣ."

ತೋಟದಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಕೊನೆಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನಿಂತಾಗ ಸಿಕ್ಕಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ನನ್ನ ಫೋನ್ ಹಿಡಿದರು. ಬೋರ್ಡಿನ ಮೇಲೆ ನೆಟ್ಟಗೆ ಬರೆದು ಪಳಗಿದ ಕೈ, ಸ್ವಲ್ಪವೂ ಅಲುಗುವುದಿಲ್ಲ. ಲೈವ್‌ಗೆ ಜನ ಸೇರಿಕೊಳ್ಳುತ್ತಾ ಹೋದರು. ಚಿಕ್ಕಪ್ಪ ಬಂದರು, ನಮ್ಮ ಅಧಿಕಾರಿಗಳೂ ಬಂದದ್ದು ಪರದೆಯ ಮೇಲೆ ಕಂಡಿತು. ಮೊದಲಿಗೆ ಕತ್ತರಿಸಿದ ವಿಡಿಯೊ ಹೇಗಿದೆ, ಎಲ್ಲಿ ಕತ್ತರಿಸಿದ್ದಾರೆ ಎಂದು ತೋರಿಸಿದೆ. ಆಮೇಲೆ ಗರಿಯೊಂದನ್ನು ಇಳಿಸಿ, ಎಲೆ ತಿರುಗಿಸಿ, ಭೂತಗನ್ನಡಿ ಇಟ್ಟೆ.

ದುಂಡು ತೂತು ಇರಲಿಲ್ಲ.

ಇನ್ನೊಂದು ಎಲೆ ನೋಡಿದೆ. ಅಲ್ಲೂ ಸೀಳಿದ ಬೆನ್ನುಗಳೇ. ಬೇರೆ ಮರದ ಗರಿ ಇಳಿಸಿದರು. ಅದೇ ಕಥೆ. ತೋಟದ ತುಂಬ ಬಿಳಿನೊಣ ಇತ್ತು, ಅದನ್ನು ತಿನ್ನುವ ಹುಳ ಒಂದೂ ಬಂದಿರಲಿಲ್ಲ. ಅಂಗಡಿಯವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಯಾರೋ ಬರೆದರು: "ಎಲ್ಲಿ ಮೇಡಂ ತೂತು?"

ಇಂಥ ಹೊತ್ತಿನಲ್ಲಿ ನನಗೆ ಗಾಬರಿಯಾಗುವುದಿಲ್ಲ. ಎಲೆಯ ಮೇಲೆ ಇದ್ದದ್ದನ್ನು ಇದ್ದಂತೆ ಹೇಳುವುದೇ ನನ್ನ ವೃತ್ತಿ. ಅತ್ತೆಯ ಕಡೆ ತಿರುಗಿ, ಕ್ಯಾಮೆರಾ ನೋಡಿ ಹೇಳಿದೆ: "ಈ ತೋಟದಲ್ಲಿ ತೂತು ಇಲ್ಲ. ಮಿತ್ರಕೀಟ ಇಲ್ಲಿಗೆ ಇನ್ನೂ ಬಂದಿಲ್ಲ. ಹಾಗಂತ ಔಷಧಿ ಹೊಡೆದರೆ ಬರುವುದೂ ಇಲ್ಲ. ನಾವೇ ತರಬೇಕು. ಹತ್ತಿರದಲ್ಲಿ ಯಾರ ತೋಟದಲ್ಲಿದೆ? ಕಪ್ಪಗಾಗಿ ಇನ್ನೂ ತೂತು ಬೀಳದ ಮರಿಗಳಿರುವ ಎಲೆ ಬೇಕು. ಅವುಗಳೊಳಗೆ ಹುಳ ಇರುತ್ತೆ."

ಮೊದಲು ಗ್ರೂಪಿಗೆ ಬಂದದ್ದು ಚಿಕ್ಕಪ್ಪನ ದನಿಯಲ್ಲಿ ಒಂದು ಮೆಸೇಜು: "ನಮ್ ತ್ವಾಟದಾಗೆ ಬೇಕಾದಂಗವೆ. ಈಗ್ಲೇ ಒಂಟೆ." ಚನ್ನರಾಯಪಟ್ಟಣದಿಂದ ಕೊಣನೂರಿಗೆ ಅವರು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಬೇಡ ಚಿಕ್ಕಪ್ಪ, ಸ್ವಲ್ಪ ತಾಳಿ ಅಂದೆ. ಅಷ್ಟರಲ್ಲಿ ಅರಕಲಗೂಡಿನ ಹತ್ತಿರದ ಒಂದು ತೋಟದವರು ಗ್ರೂಪಿಗೆ ಎಲೆಯ ಫೋಟೊ ಹಾಕಿದರು. ನಕ್ಷೆಯಲ್ಲಿ ಅವರದು ಹಸಿರು ಚುಕ್ಕೆ ಇತ್ತು. ಅತ್ತೆಯ ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದೆ: ಸಾಲಾಗಿ ಕಪ್ಪು ಮರಿಗಳು, ತೂತಿಲ್ಲ. ನನಗೆ ಬೇಕಾಗಿದ್ದು ಅದೇ.

"ಕಟ್ ಮಾಡಿ ಬಟ್ಟೆ ಚೀಲದಾಗೆ ಆಕಿ ಬಸ್ಸಿಗ್ ಕೊಡ್ಲಾ ಸಾ?" ಎಂದು ಬರೆದರು ಅವರು. ಲೈವ್ ಮಾಡುತ್ತಿರುವುದು ಹೆಂಗಸು ಅನ್ನುವುದನ್ನು ಅವಸರದಲ್ಲಿ ಮರೆತಿದ್ದರು.

"ಕೊಡಿ," ಅಂದೆ. "ಚೀಲದ ಬಾಯಿ ಸಡಿಲವಾಗಿ ಕಟ್ಟಿ, ಗಾಳಿಯಾಡಲಿ. ಕಂಡಕ್ಟರಿಗೆ ಬಿಸಿಲಿಗೆ ಇಡಬೇಡಿ ಅಂತ ಹೇಳಿ."

ಚೀಲ ಹತ್ತಿದ ಬಸ್ಸಿನ ಫೋಟೊ ಗ್ರೂಪಿಗೆ ಬಂತು. ಈಗ ಅದನ್ನು ಬಸ್ ನಿಲ್ದಾಣದಿಂದ ತರಬೇಕು. ಅಕ್ಕನ ಗಂಡ ಸಂತೆಯಲ್ಲಿ ತರಕಾರಿ ಮಾರುತ್ತಾ ಕೂತಿದ್ದರು. ನಮ್ಮಲ್ಲಿ ಯಾರ ಬಳಿಯೂ ಗಾಡಿಯಿರಲಿಲ್ಲ, ಒಬ್ಬರನ್ನು ಬಿಟ್ಟು. ಅಂಗಡಿಯವರು ಒಂದು ಕ್ಷಣ ಆಚೀಚೆ ನೋಡಿದರು.

"ಆಯ್ತು, ಕೊಡಿ ಇತ್ಲಾಗೆ ಆ ಕಂಡಕ್ಟರ್ ನಂಬರು," ಅಂದು ಸ್ಕೂಟರ್ ಹತ್ತಿದರು.

ಅವರು ಬಂದಾಗ ಬಟ್ಟೆ ಚೀಲ ಹ್ಯಾಂಡಲ್ಲಿಗೆ ತೂಗಾಡುತ್ತಿರಲಿಲ್ಲ. ಬಿಸಿಲು ತಾಗದ ಹಾಗೆ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು, ಅದನ್ನು ಕಾಲ ನಡುವೆ ಭದ್ರಪಡಿಸಿಕೊಂಡು, ಬರಿತಲೆಯಲ್ಲಿ ನಿಧಾನವಾಗಿ ಬಂದರು. ಅತ್ತೆ ಅದನ್ನೂ ಲೈವ್‌ನಲ್ಲಿ ತೋರಿಸಿಬಿಟ್ಟರು. "ಔಷಧಿ ಅಂಗಡಿಯವರು ಹುಳ ತಂದ್ರು ನೋಡ್ರಪ್ಪಾ," ಅಂದರು. ಪರದೆಯ ತುಂಬ ನಗುವ ಮುಖಗಳು ಉಕ್ಕಿ ಬಂದವು. ಅಂಗಡಿಯವರೂ ನಕ್ಕರು. ಆಮೇಲೆ ಭೂತಗನ್ನಡಿ ಕೇಳಿ ಈಸಿಕೊಂಡು, ಎಲೆಯೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಒಳ್ಗೆ ಅಲ್ಲಾಡ್ತೈತೆ ಕಣ್ರೀ," ಅಂದರು ಮೆಲ್ಲಗೆ.

ಎಲೆಯ ತುಂಡುಗಳನ್ನು ಅಕ್ಕನ ಮರಗಳ ಕೆಳಗರಿಗಳಿಗೆ ಪಿನ್ ಹೊಡೆದು ಸಿಕ್ಕಿಸಿದೆವು. ಒಂದು ಮರಕ್ಕೆ ನಾನು, ಒಂದಕ್ಕೆ ಅಕ್ಕ, ಒಂದಕ್ಕೆ ಅಂಗಡಿಯವರು. ಇದರ ಫಲ ನಾಳೆಯೇ ಕಾಣುವುದಿಲ್ಲ, ವಾರಗಳು ಬೇಕು, ಅಲ್ಲಿಯವರೆಗೆ ಬೂಷ್ಟು ಹೀಗೇ ಇರುತ್ತದೆ, ಬೇಕಾದರೆ ಬರೀ ನೀರನ್ನು ರಭಸವಾಗಿ ಹೊಡೆದು ಎಲೆ ತೊಳೆಯಿರಿ ಎಂದೆಲ್ಲ ಹೇಳಿ ಲೈವ್ ಮುಗಿಸಿದೆ. ಅಧಿಕಾರಿಗಳು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದರು: ನೀರು ಹೊಡೆಯುವಾಗ ಸಿಕ್ಕಿಸಿದ ಎಲೆಗಳನ್ನು ತಪ್ಪಿಸಬೇಕು ಎನ್ನುವುದನ್ನೂ ಹೇಳಿ. ಸರಿಯಾದ ಮಾತು. ಮತ್ತೆ ಲೈವ್ ಹಚ್ಚಿ, ಅವರು ಹೇಳಿದ್ದು ಎಂದೇ ಹೇಳಿದೆ. ಅಕ್ಕ ಅವರೆಕಾಳಿನ ಉಪ್ಪಿಟ್ಟು ಮಾಡಿ ಬಡಿಸಿದರು. ತಂದ ಔಷಧಿ ಡಬ್ಬವನ್ನು ಅಂಗಡಿಯವರು ತಾವೇ ವಾಪಸು ತೆಗೆದುಕೊಂಡು ಹೋದರು. "ನಂದೂ ವ್ಯಾಪಾರ ನಡೀಬೇಕಲ್ಲಾ ಮೇಡಂ" ಎಂದು ಗೊಣಗಿದರು ನಿಜ, ಆದರೆ ಆ ಸಂಜೆಯೇ ತಮ್ಮ ಗ್ರೂಪಿಗೆ ನನ್ನ ಪೂರ್ತಿ ವಿಡಿಯೊ ಹಾಕಿದರು. ಜೊತೆಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅವರಿಂದ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಆಗಿರಲಿಲ್ಲ.

ಕಾಯುವ ದಿನಗಳು ಸುಲಭವಾಗಿರಲಿಲ್ಲ. ಅಕ್ಕ ದಿನಾ ಎಲೆಯ ಫೋಟೊ ಕಳಿಸುತ್ತಿದ್ದರು. ನಾನು ದಿನಾ "ಇನ್ನೂ ಇಲ್ಲ ಅಕ್ಕಾ" ಅನ್ನುತ್ತಿದ್ದೆ. ಗ್ರೂಪಿನಲ್ಲಿ ಕೆಲವರು, "ಹುಳ ತಿಂದು ಮುಗಿಸೋ ಅಷ್ಟೊತ್ಗೆ ಮರಾನೇ ಇರಲ್ಲ" ಎಂದು ಹೀಯಾಳಿಸಿದರು. ಅವರನ್ನು ಗ್ರೂಪಿನಿಂದ ತೆಗೆಯಿರಿ ಎಂದು ಒಂದಿಬ್ಬರು ಹೇಳಿದರು. ತೆಗೆಯಲಿಲ್ಲ. ಅನುಮಾನ ಪಡುವವರು ಇರಲಿ, ಅವರೂ ಎಲೆ ತಿರುಗಿಸಿಯೇ ಅನುಮಾನ ಪಡುತ್ತಿದ್ದಾರಲ್ಲ ಅನ್ನಿಸಿತು.

ಆ ಫೋಟೊ ಬಂದಾಗ ನಾನು ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಎಂದಿನಂತೆ ಅರ್ಧ ಮಂಜು. ಬೆರಳಿನಿಂದ ಹಿಗ್ಗಿಸಿದೆ. ಕಪ್ಪು ಮರಿಯ ಬೆನ್ನ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ, ತಿದ್ದಿ ಬರೆದ ಸೊನ್ನೆಯಂತೆ ದುಂಡು ತೂತು. ಅದು ನಾವು ಪಿನ್ ಹೊಡೆದ ಎಲೆಯಲ್ಲ, ಮರದ್ದೇ ಎಲೆ. ಹುಳ ಅಲ್ಲಿ ಮನೆ ಮಾಡಿತ್ತು. ಡಬ್ಬಿಯನ್ನು ಅಲ್ಲೇ ಬಿಟ್ಟು ಅಧಿಕಾರಿಗಳ ಕೋಣೆಗೆ ಹೋಗಿ ಫೋನ್ ಅವರ ಮುಂದಿಟ್ಟೆ. ಅವರು ನೋಡಿ, ತಾವೇ ಮೌಸ್ ಹಿಡಿದು, ನಕ್ಷೆಯಲ್ಲಿ ಕೊಣನೂರಿನ ಹತ್ತಿರ ಹಸಿರು ಚುಕ್ಕೆ ಇಟ್ಟರು. "ನಮ್ಮ ಬೇರೆ ಕೆಲಸಗಳನ್ನೂ ಹೀಗೆ ಹಾಕಬಹುದಾ?" ಎಂದು ಕೇಳಿದರು. ಆ ವರ್ಷದಿಂದ ನಮ್ಮಲ್ಲಿ ಯಾವ ಲೇಖನ ಅಚ್ಚಾದರೂ ಅದರ ಕನ್ನಡದ ಸಾರ ಮತ್ತು ಒಂದು ಚಿಕ್ಕ ವಿಡಿಯೊ ಅದೇ ವಾರ ಹೊರಗೆ ಬರುತ್ತದೆ. ಆಲೂಗಡ್ಡೆಯ ಸಂಶೋಧಕರು, ಶುಂಠಿಯವರು ಎಲ್ಲ ಸರದಿಯ ಮೇಲೆ ನಮ್ಮ ಮನೆಯ ಊಟದ ಮೇಜಿಗೆ ಬಂದು ಅತ್ತೆಯ ಮುಂದೆ ಕೂತಿದ್ದಾರೆ. ಅವರಲ್ಲಿ ಕೆಲವರು ಅತ್ತೆಯ ಹತ್ತಿರವೇ ಅಕ್ಷರ ಕಲಿತವರು. ಅವರ ಮೇಲೆ ಅತ್ತೆಗೆ ಸ್ವಲ್ಪವೂ ದಯೆಯಿಲ್ಲ.

ಲೇಖನಕ್ಕೂ ಓದುಗರು ಹೆಚ್ಚಿದರು. ಕೇರಳದಿಂದ ಒಬ್ಬ ಸಂಶೋಧಕಿ ಬರೆದು, ವಿಡಿಯೊಕ್ಕೆ ಮಲಯಾಳದ ದನಿ ಸೇರಿಸಲು ಅನುಮತಿ ಕೇಳಿದರು. ಕೊಟ್ಟೆ. ಕತ್ತರಿಸದೆ ಪೂರ್ತಿ ಬಳಸಿ ಎನ್ನುವುದಷ್ಟೇ ನನ್ನ ಷರತ್ತು. ಕತ್ತರಿಸಿದ ಹಳೆಯ ವಿಡಿಯೊ ಆಗೀಗ ಎಲ್ಲಿಂದಲೋ ಎದ್ದು ಬರುತ್ತಲೇ ಇದೆ. ಈಗ ಅದಕ್ಕೆ ನಾನು ಉತ್ತರಿಸಬೇಕಾಗಿಲ್ಲ. ಯಾವ ಗ್ರೂಪಿಗೆ ಬಂದರೂ ನಾನು ನೋಡುವ ಮೊದಲೇ ಯಾರಾದರೂ ಪೂರ್ತಿಯದನ್ನು ಅದರ ಕೆಳಗೆ ಅಂಟಿಸಿರುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ರೈಲಿನಲ್ಲಿ ಹೊಳೆನರಸೀಪುರಕ್ಕೆ ಬರುತ್ತಿದ್ದಾಗ ಫೋನ್ ಸದ್ದು ಮಾಡಿತು. ಕೊಣನೂರಿನ ಅಕ್ಕ ಲೈವ್ ಬಂದಿದ್ದರು. ಅವರದೇ ತೋಟ, ಅವರದೇ ಚಾನೆಲ್. ಸೊಸೆ ಫೋನ್ ಹಿಡಿದಿದ್ದಳು ಅಂತ ಕಾಣುತ್ತದೆ, ಚಿತ್ರ ಅಲ್ಲಾಡುತ್ತಿತ್ತು.

"ಔಸ್ದಿ ಗಿವ್ಸ್ದಿ ಏನೂ ಬ್ಯಾಡ ಕಣ್ರಪ್ಪಾ, ಮೊದ್ಲು ಎಲೆ ತಿರುಗ್ಸಿ," ಅನ್ನುತ್ತಿದ್ದರು. "ಇಂಗಿಡ್ಕಳಿ. ಬೆಳ್ಕಿಗಿಡ್ಕಳಿ. ಕಂಡ್ತಾ? ಕಾಣ್ನಿಲ್ವಾ? ಕಾಣ್ದಿದ್ರೆ ನಂಗ್ ಪೋನ್ ಮಾಡಿ, ನಮ್ ತ್ವಾಟದಿಂದ ಎಲೆ ಕಳುಸ್ತೀನಿ. ಬಸ್ಸಿಗ್ ಆಕ್ತೀನಿ, ಇಳುಸ್ಕಳಿ, ಅಷ್ಟೇಯ."

ನೋಡುತ್ತಿದ್ದವರಲ್ಲಿ ಒಬ್ಬರು, ಗಾಳಿ ಮಳೆಗೆ ಹುಳ ಕೊಚ್ಚಿಹೋಗುವುದಿಲ್ಲವೇ ಎಂದು ಕೇಳಿದರು. ಉತ್ತರ ಬರೆಯಲು ನಾನು ಬೆರಳಿಟ್ಟೆ. ಅಷ್ಟರಲ್ಲಿ ಅಕ್ಕನೇ ಒಂದು ಒದ್ದೆ ಎಲೆ ಕಿತ್ತು, ಅದರ ಅಡಿಭಾಗವನ್ನು ಕ್ಯಾಮೆರಾಕ್ಕೆ ಹಿಡಿದು, ಬೆರಳಿನಿಂದ ಸವರಿ, "ನೋಡಿ, ಇಲ್ಲಿ ಒಣುಗ್ದಂಗೇ ಐತೆ" ಅಂದರು. ನಾನು ಬರೆಯುವುದನ್ನು ನಿಲ್ಲಿಸಿ, ನನ್ನ ಸ್ಟೇಷನ್ ಬರುವವರೆಗೆ ನೋಡುತ್ತಾ ಕೂತೆ.